ಐವತ್ತನಾಲ್ಕನೆಯ ಭರಣಿ ಮತ್ತು ವೀಕ್ಷಣಾ ಗೋಪುರ

ನಮ್ಮ ನಗರದಲ್ಲಿ ಹದಿನೈದು ಮೀಟರಿಗಿಂತ ಎತ್ತರದ ಕಟ್ಟಡ ಒಂದೂ ಇಲ್ಲ. ಸಾವಿರ ವರ್ಷದ ದೇಗುಲಗಳ ಅಂದ ಕೆಡಬಾರದೆಂದು ನಗರಸಭೆ ಮಾಡಿದ ಈ ನಿಯಮವನ್ನು ಇದುವರೆಗೆ ಯಾರೂ ಮುರಿದಿಲ್ಲ. ರೈಲು ನಿಲ್ದಾಣದೆದುರಿನ ನೂರ ಹನ್ನೆರಡು ಮೀಟರಿನ ವೀಕ್ಷಣಾ ಗೋಪುರ ಕಟ್ಟಡವಲ್ಲ. ಕಡತದ ಪ್ರಕಾರ ಅದು ಕೆಳಗಿನ ಹೋಟೆಲಿನ ಚಾವಣಿಯ ಮೇಲೆ ಹಾಕಿರುವ, ಬಟ್ಟೆ ಒಣಗಿಸುವ ಅಟ್ಟಣಿಗೆ. ಅಟ್ಟಣಿಗೆಗಳಿಗೆ ಎತ್ತರದ ಮಿತಿ ಅನ್ವಯಿಸುವುದಿಲ್ಲ.

ಗೋಪುರ ತೆರೆದ ತಿಂಗಳೇ ದೂರುಗಳು ಬಂದವು. ದುರ್ಬೀನಿನಲ್ಲಿ ಇತಿಹಾಸ ಹುಡುಕಿದವರಿಗೆ ಕಂಡದ್ದು ನಮ್ಮ ಪಕ್ಕದ ಮನೆ ಇಸೊನೊ ಅಜ್ಜಿಯ ಮರದ ಅಟ್ಟಣಿಗೆ, ಅದರ ಮೇಲೆ ಅಜ್ಜಿಯ ಒಳಲಂಗಗಳು. ಮಳೆಗಾಲ ಕಳೆದ ಮೇಲೆ ಮೂರು ದಿನ ಅದೇ ಅಟ್ಟಣಿಗೆಯ ಮೇಲೆ, ಉಪ್ಪಿನಕಾಯಿಗೆಂದು ಉಪ್ಪಿನಲ್ಲಿಟ್ಟ ಹುಳಿ ಉಮೆ ಹಣ್ಣುಗಳು ಒಣಗುತ್ತವೆ. ಮದುವೆಯಾದಾಗಿನಿಂದ ಅಜ್ಜಿ ಒಂದು ವರ್ಷವನ್ನೂ ತಪ್ಪಿಸಿಲ್ಲ. ಅಡುಗೆಮನೆಯಲ್ಲಿ ಐವತ್ತಮೂರು ಭರಣಿಗಳಿವೆ, ಒಂದೊಂದರ ಮೇಲೂ ಇಸವಿ ಬರೆದಿದೆ.

ದೃಶ್ಯ ಸಂರಕ್ಷಣಾ ಇಲಾಖೆ ವಿಷಯವನ್ನು ಕ್ರಮಬದ್ಧವಾಗಿ ಕೈಗೆತ್ತಿಕೊಂಡಿತು. ಮನೆಯಿಂದ ಮನೆಗೆ ಸಾಗುವ ನಮ್ಮ ಓಣಿಯ ಸೂಚನಾ ಹಲಗೆಯಲ್ಲಿ ಒಂದು ಹಾಳೆ ಬಂತು. ಒಂದು, ಕಸದ ದಿನ ಬದಲಾಗಿದೆ. ಎರಡು, ಬೆಳಗಿನ ವ್ಯಾಯಾಮಕ್ಕೆ ಬನ್ನಿ. ಮೂರು, ಬೆಕ್ಕು ಕಳೆದಿದೆ. ನಾಲ್ಕು, ಗೋಪುರದಿಂದ ಕಾಣುವ ಅಟ್ಟಣಿಗೆಗಳನ್ನು ತೆರವುಗೊಳಿಸಲು ನಿವಾಸಿಗಳ ಒಪ್ಪಿಗೆಯಿದೆ. ಇಪ್ಪತ್ತೆರಡು ಮನೆಯವರೂ ಸಹಿಯ ಬದಲಿನ ಮುದ್ರೆ ಒತ್ತಿ ಮುಂದಕ್ಕೆ ದಾಟಿಸಿದೆವು. ಹಲಗೆಯನ್ನು ಓದುತ್ತಾ ಇಟ್ಟುಕೊಳ್ಳುವುದು ಪಕ್ಕದ ಮನೆಯವರಿಗೆ ತೊಂದರೆ ಕೊಟ್ಟಂತೆ. ಮೊದಲ ಮುದ್ರೆ ಅಜ್ಜಿಯದೇ.

ಅಧಿಕಾರಿ ನಿಷಿವಾಕಿ ಮಿಠಾಯಿ ಪೊಟ್ಟಣ ಹಿಡಿದು ಬಂದು, ಸೊಂಟ ಬಗ್ಗಿಸಿ ವಂದಿಸಿ, ಅಟ್ಟಣಿಗೆ ಕೆಡವುವ ದಿನಾಂಕ ತಿಳಿಸಿದರು.

"ನಾನು ಮುದ್ರೆ ಒತ್ತಿದ್ದು ಹಾಳೆ ನೋಡಿದೆ ಅಂತ ಕಣಪ್ಪಾ, ಒಪ್ಪಿದೆ ಅಂತಲ್ಲ" ಎಂದರು ಅಜ್ಜಿ.

"ನೋಡಿಯೂ ಸುಮ್ಮನಿದ್ರಲ್ಲ ಅಜ್ಜಿ. ಇಲಾಖೆಗೆ ಅಷ್ಟು ಸಾಕು."

"ನಿಮ್ಮದೂ ಅಟ್ಟಣಿಗೆ, ನಂದೂ ಅಟ್ಟಣಿಗೆ. ನಂದನ್ನೇ ಯಾಕೆ ಕೆಡವ್ತೀರಿ?"

"ನಿಮ್ಮದು ನಮ್ಮದರಿಂದ ಕಾಣುತ್ತೆ."

"ನಿಮ್ಮದು ಇಡೀ ಊರಿಗೇ ಕಾಣುತ್ತಲ್ಲೋ! ಹೋಗ್ಲಿ, ಅದರ ಮೇಲೆ ಒಂದು ಕಾಲುಚೀಲನಾದ್ರೂ ಒಣಗಿಸಿದೀರಾ?"

ನಿಷಿವಾಕಿಯವರ ಮುಖ ಬಿಳಿಚಿಕೊಂಡಿತು. ಹನ್ನೊಂದನೆಯ ಉಪನಿಯಮ ಅವರಿಗೆ ಬಾಯಿಪಾಠವಿತ್ತು: ಹನ್ನೆರಡು ತಿಂಗಳು ಏನನ್ನೂ ಒಣಗಿಸದ ಅಟ್ಟಣಿಗೆಯನ್ನು ಕಟ್ಟಡವೆಂದೇ ಪರಿಗಣಿಸತಕ್ಕದ್ದು. ಗೋಪುರಕ್ಕೆ ಹನ್ನೆರಡು ತಿಂಗಳು ತುಂಬಲು ಕೆಲವೇ ದಿನ ಬಾಕಿಯಿತ್ತು.

ಇಲಾಖೆ ಮೂರು ದಿನ ಸಭೆ ಸೇರಿ ಎಲ್ಲರಿಗೂ ನ್ಯಾಯ ಒದಗಿಸಿತು. ಅಜ್ಜಿಯ ಅಟ್ಟಣಿಗೆಯನ್ನು ಕೆಡವಲಾಯಿತು. ಅವರ ಬಟ್ಟೆ ಮತ್ತು ಉಮೆ ಹಣ್ಣುಗಳನ್ನು ಗೋಪುರದ ತುದಿಯಲ್ಲಿ ಒಣಗಿಸಲು ಶಾಶ್ವತ ಅನುಮತಿ ನೀಡಲಾಯಿತು. ಲಿಫ್ಟಿನಲ್ಲಿ ಬಿದಿರ ಮೊರ ಹಿಡಿದು ಅಜ್ಜಿ, ಹಿಂದೆ ಒದ್ದೆ ಬಟ್ಟೆಯ ಬುಟ್ಟಿ ಹೊತ್ತ ನಾನು. ಪ್ರವಾಸಿಗರು ಫೋಟೋ ತೆಗೆದರು.

"ಕಿಟಕಿ ಎಲ್ಲಿ ತೆಗೀತಾರೆ?" ಅಜ್ಜಿ ಕೇಳಿದರು.

"ತೆಗೆಯಲ್ಲ ಅಜ್ಜಿ. ಸುರಕ್ಷತೆ" ಎಂದರು ನಿಷಿವಾಕಿ. "ಇಪ್ಪತ್ತನಾಲ್ಕು ಡಿಗ್ರಿ ತಂಪು. ನಿಮ್ಮ ಮನೆಗಿಂತ ಹಾಯಾಗಿದೆ."

ಗಾಜು ಬಣ್ಣದ್ದು, ಬಿಸಿಲು ಒಳಗೆ ಬರುವುದಿಲ್ಲ, ಗಾಳಿಯೂ ಇಲ್ಲ. ಮೂರನೆಯ ದಿನ ಹಣ್ಣುಗಳ ಮೇಲೆ ಬೂದಿ ಬಣ್ಣದ ಬೂಷ್ಟು ಬಂತು. ಪಕ್ಕದಲ್ಲಿ ಫಲಕವೂ ಬಂತು: ಪಾರಂಪರಿಕ ಉಮೆ, ದಯವಿಟ್ಟು ಮುಟ್ಟಬೇಡಿ. ತಪಾಸಣಾ ವರದಿ ಗೋಪುರವನ್ನು 'ಸಕ್ರಿಯ ಅಟ್ಟಣಿಗೆ' ಎಂದು ದೃಢೀಕರಿಸಿತು.

ಅಜ್ಜಿ ಖಾಲಿ ಭರಣಿಗೆ ಇಸವಿ ಬರೆದು ಸಾಲಿನಲ್ಲಿಟ್ಟರು.

ಆ ವಾರವೇ ಸೂಚನಾ ಹಲಗೆ ಬಂತು. ನಾಲ್ಕನೆಯ ಅಂಶ: ಈ ವರ್ಷದಿಂದ ನಗರದ ಉಮೆ ಹಣ್ಣಿಗೆ ಬೂಷ್ಟು ಇರತಕ್ಕದ್ದೆಂದು ನಿವಾಸಿಗಳು ಒಪ್ಪಿದ್ದಾರೆ. ಅಜ್ಜಿ ಈ ಸಲ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಎರಡೆರಡು ಸಲ ಓದಿದರು. ಆಮೇಲೆ ಗಡಿಯಾರ ನೋಡಿದರು.

"ಅಯ್ಯೋ, ನೀನು ಕಾಯ್ತಿದ್ದೀಯೇನೋ" ಎಂದು ಮುದ್ರೆ ಒತ್ತಿ, ಹಲಗೆಯನ್ನು ಬೇಲಿಯಾಚೆ ನನ್ನ ಕೈಗೆ ಕೊಟ್ಟರು.

ನನ್ನ ಆಚೆ ಮನೆಯವರೂ ಕಾಯುತ್ತಿದ್ದರು. ನಾನೂ ಒತ್ತಿದೆ.