ಹನಾಯೆ ಕೆತ್ತಿದ ನಾನು

ಸಫ್ವಾನ್, ನಿಹಾಲಾ, ನನ್ನ ಪುಟ್ಟ ರಿಝಾ, ಬೇಡದ ಉಡುಗೊರೆ ಬಂದರೆ ಇನ್ನೊಬ್ಬರಿಗೆ ದಾಟಿಸಿ ಬಚಾವಾಗಬಹುದು. ಪ್ರೀತಿಯಿಂದ ಕೊಟ್ಟದ್ದು, ಅದರಲ್ಲೂ ನಮ್ಮದೇ ಮೂಗು ಬಾಯಿ ಇರುವಂಥದ್ದು ಬಂದರೆ ಯಾರಿಗೆ ದಾಟಿಸುವುದು?

ಎಂಬತ್ತರ ದಶಕದಲ್ಲಿ ನಿಮ್ಮ ಅಜ್ಜ ಸೌದಿಯ ತಬೂಕ್‌ನಲ್ಲಿ ಜಪಾನಿನವರ ಕಂಪೆನಿಯೊಂದರ ಸ್ಟೋರ್ ನೋಡಿಕೊಳ್ಳುತ್ತಿದ್ದರು. ನಮ್ಮ ಕ್ವಾರ್ಟರ್ಸಿನ ಪಕ್ಕದ ಮನೆ ಜಪಾನಿನ ಇಂಜಿನಿಯರರದು, ಅವರ ಹೆಂಡತಿ ಹನಾಯೆ. ಅವಳಿಗೆ ನಮ್ಮ ಬ್ಯಾರಿ ಬಾರದು, ಕನ್ನಡ ಬಾರದು. ನನಗೆ ಇಂಗ್ಲಿಷ್ ಇಲ್ಲ. ಅಂಗಡಿಯಲ್ಲಿ ಕೇಳಿ ಕಲಿತ ಅರಬಿಯ ‘ಮಾಫಿ ಮುಶ್ಕಿಲ್’, ಅಂದರೆ ಏನೂ ತೊಂದರೆಯಿಲ್ಲ ಎಂಬುದು ಮಾತ್ರ ಇಬ್ಬರಿಗೂ ಬರುತ್ತಿತ್ತು. ಅಷ್ಟರಲ್ಲೇ ಸ್ನೇಹ ಸಾಗಿತು. ಊರು ಬಿಟ್ಟ ಮೇಲೆ ನನಗೆ ಸಿಕ್ಕಿದ ಒಬ್ಬಳೇ ಗೆಳತಿ ಅವಳು.

ಹನಾಯೆ ಮರದ ಹಲಗೆಯಲ್ಲಿ ಚಿತ್ರ ಕೆತ್ತುತ್ತಿದ್ದಳು. ಎಡವನ್ನು ಬಲ ಮಾಡಿ ಕೆತ್ತಿ, ಶಾಯಿ ಸವರಿ, ಕಾಗದ ಹಾಸಿ, ಬಿದಿರಿನ ಪೊರೆ ಸುತ್ತಿದ ಬಿಲ್ಲೆಯಿಂದ ಉಜ್ಜಿದರೆ ಚಿತ್ರ ಮೂಡುತ್ತಿತ್ತು. ಒಂದು ದಿನ ಅಂಥದ್ದೊಂದನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ನನಗೆ ಕೊಟ್ಟಳು. ನೋಡಿದರೆ ಕಪ್ಪು ಗೋಡೆ, ಒಲೆ, ಕಾವಲಿ, ಅಕ್ಕಿರೊಟ್ಟಿ ತಟ್ಟುತ್ತಿರುವ ನಾನು! ತಲೆಯ ಸೆರಗು ಜಾರಿದ್ದನ್ನೂ ಬಿಟ್ಟಿರಲಿಲ್ಲ. ಖುಷಿಯಲ್ಲಿ ನನ್ನ ಕಿವಿಯವರೆಗೆ ಬಿಸಿಯಾಯಿತು. ಆಮೇಲೆ ಹೆದರಿಕೆಯಾಯಿತು. ಮನುಷ್ಯರ ಚಿತ್ರವನ್ನು ನಮಾಜು ಮಾಡುವ ಕೋಣೆಯಲ್ಲಿ ತೂಗುಹಾಕುವುದು ನಮ್ಮಲ್ಲಿಲ್ಲ. ಅಡುಗೆಮನೆ ಬಿಟ್ಟರೆ ನಮಗಿದ್ದದ್ದೇ ಒಂದು ಕೋಣೆ.

“ಅವಳಿಗೆ ಹೇಳಿಬಿಡು ಮಾರಾಯ್ತಿ,” ಎಂದರು ನಿಮ್ಮ ಅಜ್ಜ.

“ಎಂತ ಹೇಳುವುದು? ನನಗೆ ನಮ್ಮ ಭಾಷೆಯಲ್ಲೇ ಮಾತು ಬರುವುದಿಲ್ಲ. ನೀವೇ ಹೇಳಿ.”

“ನಾನಾ? ಅವಳ ಗಂಡ ನನ್ನ ಬಾಸ್!”

ಹೀಗೆ ಚಿತ್ರ ಗೋಡೆಗೇರಿತು. ನಮಾಜಿನ ಹೊತ್ತಿಗೆ ಅದರ ಮೇಲೆ ಮೈ ಒರೆಸುವ ಬೈರಾಸೊಂದನ್ನು ಹೊದೆಸುತ್ತಿದ್ದೆ. ಹನಾಯೆ ಬರುವ ಸದ್ದಾದರೆ ಬೈರಾಸು ಕೆಳಗೆ. ಒಂದು ಸಂಜೆ ಅವಳು ಚಹಾ ಕುಡಿಯುತ್ತಿರುವಾಗಲೇ ಅಝಾನ್ ಕೇಳಿಸಿತು. ಸ್ವಲ್ಪ ಹೊತ್ತು ಒದ್ದಾಡಿದೆ. ಕೊನೆಗೆ ಎದ್ದು ಬೈರಾಸು ಹೊದೆಸಿ, ಅವಳ ಮುಖ ನೋಡದೆ ನಮಾಜಿಗೆ ನಿಂತೆ. ಮುಗಿಸಿ ತಿರುಗಿದರೆ ಅವಳಿಲ್ಲ, ಲೋಟದಲ್ಲಿ ಅರ್ಧ ಚಹಾ ಇತ್ತು.

ಆಮೇಲೆ ಎಷ್ಟೋ ದಿನ ಅವಳು ಬರಲಿಲ್ಲ. ನನ್ನ ರೊಟ್ಟಿಗೆ ಉಪ್ಪು ಹೆಚ್ಚಾಗತೊಡಗಿತು. ನಿಮ್ಮ ಅಜ್ಜ ಪಾಪ, ಸುಮ್ಮನೆ ತಿಂದರು.

ಕೊನೆಗೊಂದು ಬೆಳಿಗ್ಗೆ ಹನಾಯೆ ಹಲಗೆ, ಉಳಿ, ಶಾಯಿ ಎಲ್ಲ ಹೊತ್ತು ಬಂದಳು. ನನ್ನ ಮೇಜಿನ ಮೇಲೆ ಹಲಗೆಯಿಟ್ಟು, ಅದರಲ್ಲಿದ್ದ ನನ್ನ ಮೂಗಿಗೆ ಉಳಿ ಹಚ್ಚಿದಳು. ಒಮ್ಮೆ ಕೆತ್ತಿ ತೆಗೆದರೆ ಅದು ಮತ್ತೆ ಬರುವುದಿಲ್ಲ. “ಬೇಡ, ಬೇಡ ಮಾರಾಯ್ತಿ!” ಎಂದು ಅವಳ ಕೈ ಹಿಡಿದೆ. “ಮಾಫಿ ಮುಶ್ಕಿಲ್,” ಎಂದು ನಕ್ಕು, ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು. ಮುಖ ಹೋಯಿತು, ಸೆರಗು ಹೋಯಿತು. ಹೊಸ ಕಾಗದ ಹಾಸಿ, ಉಜ್ಜುವ ಬಿಲ್ಲೆಯನ್ನು ನನಗೇ ಕೊಟ್ಟಳು. ರೊಟ್ಟಿ ತಟ್ಟಿದ ಹಾಗೆ ತಟ್ಟಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಗದ ಎತ್ತಿದರೆ ಗೋಡೆ, ಒಲೆ, ಕಾವಲಿ ಎಲ್ಲ ಇದೆ. ನಾನಿದ್ದ ಜಾಗ ಮಾತ್ರ ಬೆಳ್ಳಗೆ ಖಾಲಿ. ಇನ್ನು ಬೈರಾಸು ಬೇಕಿಲ್ಲ.

“ಈಗ ಸರಿಯಾಯಿತು, ಥೇಟ್ ನೀನೇ,” ಎಂದರು ಸಂಜೆ ಬಂದ ನಿಮ್ಮ ಅಜ್ಜ. “ಯಾರಾದರೂ ಬಂದರೆ ಸಾಕು, ರೊಟ್ಟಿ ಕಾವಲಿಯಲ್ಲೇ ಇರುತ್ತದೆ, ನೀನಿರುವುದಿಲ್ಲ!”

ಮೊದಲಿನ ಚಿತ್ರವನ್ನು ಹನಾಯೆಯೇ ತನ್ನ ಊರಿಗೆ ಕೊಂಡುಹೋದಳು. ಒಬ್ಬಳೇ ರಸ್ತೆ ದಾಟಲು ಹೆದರುವ ನಾನು ಜಪಾನಿನ ಯಾವುದೋ ಗೋಡೆಯಲ್ಲಿ ಇವತ್ತಿಗೂ ರೊಟ್ಟಿ ತಟ್ಟುತ್ತಿರಬಹುದು.

ಮಕ್ಕಳೇ, ನಾನು ಬರೆದ ಈ ಹಾಳೆಗಳನ್ನು ಜೋಪಾನವಾಗಿಡಿ. ಬಂದವರಿಗೆ ಓದಿ ಹೇಳುವುದಾದರೆ ಹೇಳಿ, ಬೇಡವೆನ್ನುವುದಿಲ್ಲ. ಮೊದಲು ನನಗೊಂದು ಸೂಚನೆ ಕೊಟ್ಟರೆ ಸಾಕು, ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಕೇಳುತ್ತೇನೆ.