ಮೂರು ತಿಂಗಳ ಆಯ್ಕೆ ಸಮಿತಿ

ಮಕ್ಕಳನ್ನು ಸಾಕಿ ಸೈ ಎನಿಸಿಕೊಂಡವರ ಮುಂದೆ ಇಂಥ ಕತೆ ಹೇಳಹೊರಟದ್ದೇ ಅಧಿಕಪ್ರಸಂಗ. ಕ್ಷಮಿಸಬೇಕು. ಎಲ್ಲಾದರೂ ಎಡವಿದ್ದರೆ ತಿದ್ದಿಕೊಂಡು ಓದಬೇಕು.

ಎಲ್ಲ ಶುರುವಾದದ್ದು ಒಂದೇ ಮಾತಿನಿಂದ. "ಮಗು ನೋಡ್ಕೊಳ್ಳೋ ಆಳು ಹುಡುಕೋದು ನನಗೆ ಬಿಡಿ" ಎಂದುಬಿಟ್ಟಿದ್ದ ಅವನು. ಬಟ್ಟೆ ಗಿರಣಿಗೆ ಕೆಲಸಗಾರರನ್ನು ಆರಿಸುವುದೇ ಅವನ ಉದ್ಯೋಗ. ಇಡೀ ಬೀದಿಗೆ ಅವನು ಇಂಟರ್‌ವ್ಯೂ ಸಾಹೇಬ. ಎದುರಿಗೆ ಬಂದವರು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಅವರ ಹಣೆಬರಹ ಓದಬಲ್ಲೆ ಎಂಬ ನಂಬಿಕೆ ಅವನದು.

ಚೊಚ್ಚಲ ಮಗುವಿಗೆ ಮೂರು ತಿಂಗಳು. ಸೋಮವಾರ ಹೆಂಡತಿ ಕೆಲಸಕ್ಕೆ ಮರಳದಿದ್ದರೆ, ಆರು ವರ್ಷ ಕಾದು ಪಡೆದ ನಕ್ಷೆ ಬರೆಯುವ ಮೇಜು ಇನ್ನೊಬ್ಬರ ಪಾಲು. ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಭಾನುವಾರವೇ ಊರಿಗೆ ಹೊರಡುವವರು. ಇವತ್ತು ಶನಿವಾರ.

ಕೆಳಮನೆಯ ಔಷಧಿ ಅಂಗಡಿ ಆಂಟಿ ಬೆಳಗ್ಗೆಯೇ ಇಬ್ಬರನ್ನು ಕಳಿಸಿ, ತಮಾಷೆ ನೋಡಲು ತಾವೂ ಮೆಟ್ಟಿಲು ಹತ್ತಿ ಬಂದರು. ಸಾಹೇಬ ಹನ್ನೆರಡು ಪ್ರಶ್ನೆಗಳ ಹಾಳೆ ಹಿಡಿದು ಊಟದ ಮೇಜಿಗೆ ಕುಳಿತ. ಒಳಗೆ ಮಗು ಅಳುತ್ತಿತ್ತು. ಗಿರಣಿಯ ಸೈರನ್ನಿಗಾದರೂ ನಡುವೆ ಬಿಡುವುಂಟು, ಇದಕ್ಕಿರಲಿಲ್ಲ.

ಮೊದಲನೆಯವಳು ಹನ್ನೆರಡಕ್ಕೂ "ಆಗ್ಲಿ ಸಾರ್" ಎಂದು ಪೂರ್ತಿ ಅಂಕ ಗಿಟ್ಟಿಸಿದಳು. ಮಗುವನ್ನು ಎತ್ತಿಕೊಂಡ ಎರಡನೇ ನಿಮಿಷಕ್ಕೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತೆಂದು ಹೋದವಳು ಹೋದಳೇ. ಎರಡನೆಯವಳು ಐದು ಮಕ್ಕಳನ್ನು ಬೆಳೆಸಿದ ಗಟ್ಟಿ ಹೆಂಗಸು. ಯಾವ ಪ್ರಶ್ನೆಗೂ ಉತ್ತರ ಕೊಡದೆ, ಎಂಜಿನ್ನಿನ ಸದ್ದು ಕೇಳುವ ಮೆಕ್ಯಾನಿಕ್ಕಿನಂತೆ ತಲೆ ವಾಲಿಸಿ ಅಳು ಕೇಳಿದಳು.

"ಅನುಭವ ಇದೆ ಸಾರ್, ಅದಕ್ಕೇ ಬೇಡ ಅಂತಿದೀನಿ. ಇದು ಸುಮ್ನಾಗೋ ದಾರಿ ಸಿಕ್ಕಿದ್ರೆ ಹೇಳಿಕಳ್ಸಿ, ಬರ್ತೀನಿ."

"ನೀವು ಕೇಳಿದ್ದೇ ಹೆಚ್ಚಾಯ್ತು ಸಾಹೇಬ್ರೆ," ಎಂದರು ಆಂಟಿ. "ಆರಿಸ್ಬೇಕಾದ್ದು ಮಗು ತಾನೇ?"

ಅಷ್ಟರಲ್ಲಿ ಗ್ಯಾಸಿನವನು ಬಂದು ಧಡ್ಡೆಂದು ಸಿಲಿಂಡರ್ ಇಳಿಸಿದ. ಐವತ್ತು ದಾಟಿದ, ದಪ್ಪ ಮೀಸೆಯ ಮನುಷ್ಯ. ಚೀಟಿಗೆ ಸಹಿ ಹಾಕಲು ಕೈ ಬಿಡುವಿಲ್ಲದ ಅತ್ತೆ ಮಗುವನ್ನು ಅವನ ಹೆಗಲಿಗೆ ದಾಟಿಸಿದರು. ಕರೆಂಟು ಹೋದಂತೆ ಅಳು ನಿಂತಿತು. ಮಗು ಅವನ ನೀಲಿ ಅಂಗಿಗೆ ಮೂಗು ಒತ್ತಿ ನಿದ್ದೆ ಹೋಯಿತು.

ಸಾಹೇಬ ಪ್ರಶ್ನೆಯ ಹಾಳೆ ಮಡಚಿಟ್ಟ. ಸಂಜೆಯವರೆಗೆ ಇದ್ದು ನೋಡಬಾರದೇ ಎಂದು ಕೇಳಿದ. ಇನ್ನೂ ಒಂಬತ್ತು ಸಿಲಿಂಡರ್ ಉಳಿದಿವೆಯಲ್ಲ ಎಂದ ಗ್ಯಾಸಿನವನು. ಹೆಂಡತಿ ಗಂಡನ ಮುಖ ನೋಡಿದಳು. "ಅದೇನು ಮಹಾ" ಎಂದ ಸಾಹೇಬ. ಕಂಪನಿ ಅಂಗಿ ಇಲ್ಲದೆ ಯಾರೂ ಬಾಗಿಲು ತೆರೆಯುವುದಿಲ್ಲವೆಂದು ಇಬ್ಬರೂ ಅಂಗಿ ಅದಲುಬದಲು ಮಾಡಿಕೊಂಡರು.

ಮೂರನೇ ಸಿಲಿಂಡರಿಗೇ ಸೊಂಟ ಸಂಪು ಹೂಡಿತು. ಆರನೆಯ ಮನೆಯ ಪಿಂಚಣಿದಾರರು ಮೇಲಿಂದ ಕೆಳಗೆ ನೋಡಿ, ಹೊಸಬನೋ, ಎಷ್ಟು ವರ್ಷದ ಅನುಭವ, ಹಿಂದಿನ ಕೆಲಸ ಯಾಕೆ ಬಿಟ್ಟೆ ಎಂದು ಬಾಗಿಲಲ್ಲೇ ವಿಚಾರಿಸಿದರು. ಭಾರ ಹೆಗಲ ಮೇಲೇ ಇತ್ತು. ಕೊನೆಗೆ "ಈ ಕೆಲಸ ನಿನಗೆ ಹೇಳಿದ್ದಲ್ಲ" ಎಂದು ತೀರ್ಪು ಕೊಟ್ಟರು.

ಸಂಜೆ ಮೆಟ್ಟಿಲ ಬುಡಕ್ಕೆ ಬಂದಾಗಲೇ ಅಳು ಕೇಳಿಸಿತು. ಸಾಹೇಬನ ಬಿಳಿ ಅಂಗಿ ತೊಟ್ಟ ಗ್ಯಾಸಿನವನು ಬೆವರುತ್ತಾ ಮಗುವನ್ನು ಹೊತ್ತು ಅಡ್ಡಾಡುತ್ತಿದ್ದ.

"ನೀವು ಹೊರಟಾಗಿಂದ ಇದೇ ಪಾಡು ಸಾರ್. ಇದಕ್ಕಿಂತ ಸಿಲಿಂಡರೇ ವಾಸಿ."

ಸಾಹೇಬ ಮಗುವನ್ನು ಎತ್ತಿಕೊಂಡ. ತಕ್ಷಣ ಮೌನ. "ಅಪ್ಪನ ಕೈ ಅಂದ್ರೆ ಸುಮ್ನೇನಾ?" ಎಂದು ಬೀಗಿದ. ಹೆಂಡತಿ ಅವನ ಮೈಮೇಲಿನ ನೀಲಿ ಅಂಗಿ ಬಿಚ್ಚಿಸಿದಳು. ಮಗು ಕಿರುಚಿತು. ಅಂಗಿ ಹೆಗಲಿಗೆ ಹಾಕಿದಳು. ಸುಮ್ಮನಾಯಿತು.

ಅಂಗಿ! ಸಾಹೇಬನಿಗೆ ಹೋದ ಧೈರ್ಯ ಎರಡರಷ್ಟಾಗಿ ಮರಳಿತು. ಮನೆಯಲ್ಲಿ ಇನ್ನೊಂದು ಕಂಪನಿ ಅಂಗಿಯಿದ್ದ ಗ್ಯಾಸಿನವನಿಗೆ ಬಿಳಿಯದನ್ನು ನೀವೇ ಇಟ್ಟುಕೊಳ್ಳಿ ಎಂದು ಹೇಳಿ, ಐದು ಮಕ್ಕಳ ಹೆಂಗಸಿಗೆ ಹೇಳಿಕಳಿಸಿದ. ಅವಳು ಬಂದು ಅಂಗಿ ತೊಟ್ಟು ಮಗುವನ್ನು ಎತ್ತಿಕೊಂಡಳು. ಅದು ಅವಳ ಹೆಗಲಲ್ಲೂ ನಿದ್ದೆ ಹೋಯಿತು. ಅತ್ತೆ ಚೀಲ ತುಂಬತೊಡಗಿದರು.

"ಸೋಮವಾರದಿಂದ ಬರ್ತೀನಿ," ಎಂದಳು ಅವಳು, ಮೂಗು ಸೊಟ್ಟ ಮಾಡಿ. "ಒಂದು ಮಾತು. ಇನ್ಮೇಲೆ ಶನಿವಾರ ಶನಿವಾರ ಈ ಅಂಗಿ ನಾನು ಒಗೆದೇ ಒಗೀತೀನಿ. ಒಗೆದ್ಮೇಲೆ ಈ ವಾಸನೆ ಹೋದ್ರೆ, ಮತ್ತೆ ತರಿಸೋ ಜವಾಬ್ದಾರಿ ನಿಮ್ದು."

ಹೆಂಡತಿ, ಅತ್ತೆ, ಆಂಟಿ ಮೂವರೂ ಸಾಹೇಬನ ಕಡೆ ತಿರುಗಿದರು. ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಗ್ಯಾಸಿನವನು ವಿನಯದಿಂದ ಹೇಳಿದ:

"ಭಾನುವಾರ ಸಿಲಿಂಡರ್ ಲೋಡು ಬೆಳಗ್ಗೆ ಒಂಬತ್ತಕ್ಕೇ ಬರುತ್ತೆ ಸಾರ್."

ಸೋಮವಾರ ಹೆಂಡತಿ ಹೊತ್ತಿಗೆ ಸರಿಯಾಗಿ ತನ್ನ ಮೇಜು ಸೇರಿದಳು. ಸಾಹೇಬ ಈಗಲೂ ಭಾನುವಾರಗಳಂದು ಒಗೆದ ನೀಲಿ ಅಂಗಿ ತೊಟ್ಟು ಸಿಲಿಂಡರ್ ಹೊರುತ್ತಾನೆ; ಪಿಂಚಣಿದಾರರು ಈಗಲೂ ಒಪ್ಪಿಲ್ಲ. ಮಗುವಿಗೆ ಆ ಅಂಗಿಯಲ್ಲಿ ಹಿಡಿಸಿದ್ದು ಕಬ್ಬಿಣದ ವಾಸನೆಯೋ, ರಬ್ಬರಿನದೋ, ಬೆವರಿನದೋ, ನನಗೆ ತಿಳಿಯದು.