ಹರಿಯದ ಕಾಲ್ಮರಿಯ ಕಷ್ಟ

ನಾನು ಮಿತವ್ಯಯಿ ಎಂದು ಹೇಳಿಕೊಳ್ಳುತ್ತೇನೆ. ಜನ ಅದನ್ನೇ ಚಿಕ್ಕದಾಗಿ ಜಿಪುಣ ಎನ್ನುತ್ತಾರೆ. ಎರಡರಲ್ಲಿ ಯಾವುದು ಖರೆ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಕಾಲವೇ ಹಾಗಿತ್ತು. ಯುದ್ಧ ಮುಗಿದರೂ ತುಟ್ಟಿ ಮುಗಿದಿರಲಿಲ್ಲ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿದ್ದರೂ ಕಂಟ್ರೋಲಿನ ಅರಿವೆಗೆ ನಿಲ್ಲುವ ಸಾಲು ಗಿಡ್ಡವಾಗಿರಲಿಲ್ಲ. ಅಂಥ ದಿನಗಳಲ್ಲಿ, ಹರಿದರೆ ಹೊಲಿಸಲು ಬರುವ, ಒಡೆದರೆ ಬೆಸುಗೆ ಹಾಕಿಸಲು ಬರುವ ವಸ್ತುವನ್ನಷ್ಟೇ ಕೊಳ್ಳಬೇಕೆಂದು ನೇಮ ಮಾಡಿಕೊಂಡಿದ್ದೆ. ನನ್ನ ಕೋಟನ್ನು ಒಮ್ಮೆ ಪೂರ್ತಿ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಹೊಲಿಸಿದ್ದೆ. ಅದರಿಂದ ಕೋಟು ಹೊಸದಾಯಿತು, ಆದರೆ ಎದೆಯ ಕಿಸೆ ಎಡದಿಂದ ಬಲಕ್ಕೆ ಹೋಯಿತು. ಪೆನ್ನು ಹುಡುಕುವ ನನ್ನ ಕೈ ವರ್ಷವಿಡೀ ಎದೆಯ ಎಡಭಾಗವನ್ನೇ ತಡವುತ್ತಿತ್ತು. ನೋಡಿದವರು ನನಗೆ ಹೃದಯದ ಬೇನೆ ಇರಬೇಕೆಂದು ಮರುಗಿದರು. ಯಾರಾದರೂ ಮರುಗಿದರೆ ಬೇಡವೆನ್ನುವ ಸ್ಥಿತಿ ನನ್ನದಾಗಿರಲಿಲ್ಲ.

ಏಕೆಂದರೆ ಜಮಖಂಡಿಯಲ್ಲಿ ನಾನು ಒಬ್ಬನೇ ಇದ್ದೆ. ಊರು ಬೀಳಗಿಯ ಕಡೆ, ನೌಕರಿ ಕಚೇರಿಯಲ್ಲಿ ಕಾರಕೂನಿಕೆ, ವಾಸ ಬಾಡಿಗೆಯ ಒಂದು ಖೋಲಿ. ನನಗೊಂದು ಹೆಣ್ಣು ನೋಡುವ ಉತ್ಸಾಹ ನಮ್ಮ ಮಂದಿಗೆ ನನ್ನ ಮೂವತ್ತೈದರ ಸುಮಾರಿಗೆ ಆರಿತು. ನನಗೆ ಅದು ಆರಿದ್ದು ಸ್ವಲ್ಪ ತಡವಾಗಿ. ಊಟ ನೀಲವ್ವನ ಖಾನಾವಳಿಯಲ್ಲಿ. ನೀಲವ್ವ ನನಗಿಂತ ಹದಿನೈದು ವರ್ಷ ದೊಡ್ಡವಳು. ನನ್ನ ಕಾಲಿಗೆ ಕಾಲ್ಮರಿ, ಎಂದರೆ ನಮ್ಮ ಕಡೆಯ ಗಟ್ಟಿ ತೊಗಲಿನ ಚಪ್ಪಲಿ. ಅಟ್ಟೆಯ ಎರಡು ಪದರಗಳ ನಡುವೆ ಒಂದು ಒಣಬೀಜ ಇಟ್ಟು ಹೊಲಿದದ್ದರಿಂದ ಹೆಜ್ಜೆಗೊಮ್ಮೆ ಕಿರ್ ಎನ್ನುತ್ತಿತ್ತು. ನಾನು ಓಣಿಯ ತಿರುವಿಗೆ ಬರುವಾಗಲೇ ಆ ಕಿರ್ ಸಪ್ಪಳ ಕೇಳಿ ನೀಲವ್ವ ರೊಟ್ಟಿ ಬಡಿದು ಹಂಚಿಗೆ ಹಾಕುತ್ತಿದ್ದಳು. ನಾನು ಕೈಕಾಲು ತೊಳೆದು ಕೂಡುವಷ್ಟರಲ್ಲಿ ರೊಟ್ಟಿ ಉಬ್ಬಿರುತ್ತಿತ್ತು. ಆ ಊರಿನಲ್ಲಿ ನನ್ನ ದಾರಿ ನೋಡುವುದು ಏನಾದರೂ ಇದ್ದರೆ ಅದು ಆ ಒಂದು ರೊಟ್ಟಿ.

ಇಷ್ಟರಲ್ಲಿ ನಮ್ಮ ಕಚೇರಿಗೆ ಹೊಸ ಸಾಹೇಬರು ಬಂದರು. ಅವರಿಗೆ ಶಾಂತತೆ ಬೇಕು. ಒಂದು ದಿನ ನಾನು ಕಾಗದ ಹಿಡಿದು ಅವರ ಮುಂದಿನಿಂದ ಮೂರು ಸಲ ಹಾದುಹೋದೆ. ನಾಲ್ಕನೆಯ ಸಲ ಅವರು ಲೇಖಣಿ ಕೆಳಗಿಟ್ಟು, ಇಲ್ಲಿ ಎತ್ತಿನ ಗಾಡಿಯನ್ನು ಯಾಕೆ ಒಳಗೆ ಬಿಡುತ್ತೀರಿ ಎಂದು ಶಿರಸ್ತೇದಾರರನ್ನು ಮರಾಠಿಯಲ್ಲಿ ಕೇಳಿದರು. ಕಚೇರಿಯೆಲ್ಲ ನಕ್ಕಿತು. ಗಾಡಿಯಾದ ನಾನೂ ನಕ್ಕೆ. ಆದರೆ ಅದೇ ಸಂಜೆ ಪೇಟೆಗೆ ಹೋಗಿ ಮುಂಬಯಿಯ ಹೊಸ ಫ್ಯಾಶನ್ನಿನ ಕ್ರೇಪ್ ಸೋಲಿನ, ಎಂದರೆ ಮೆತ್ತನೆಯ ರಬ್ಬರ್ ಅಟ್ಟೆಯ, ಬೂಟು ಕೊಂಡೆ. ಅಂಗಡಿಯವನು ಅದರ ಮೆತ್ತಗಿನ ಗುಣವನ್ನು ಹೊಗಳಿದನೇ ಹೊರತು ಎಷ್ಟು ದಿನ ಬಾಳುತ್ತದೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ನೇಮ ಮುರಿಯುವವನು ಹೆಚ್ಚಿಗೆ ಪ್ರಶ್ನೆ ಕೇಳಬಾರದು.

ಬೂಟಿಗೆ ಸಪ್ಪಳವೇ ಇರಲಿಲ್ಲ. ಸಾಹೇಬರು ಸುಖಪಟ್ಟರು. ನಾನು ಮಾತ್ರ ಅಂದಿನಿಂದ ಯಾರಿಗೂ ಗೊತ್ತಾಗದಂತೆ ಬರುವವನೂ ಯಾರಿಗೂ ಗೊತ್ತಾಗದಂತೆ ಹೋಗುವವನೂ ಆದೆ. ಖಾನಾವಳಿಯಲ್ಲಿ ಒಲೆಯ ಕಡೆ ಮುಖ ಮಾಡಿದ್ದ ನೀಲವ್ವ ತಿರುಗಿ ನನ್ನನ್ನು ಕಂಡು ಬೆಚ್ಚಿದಳು. "ಯಪ್ಪಾ, ನೀ ಯಾವಾಗ ಬಂದಿ? ನಿನ್ನ ರೊಟ್ಟಿ ಇನ್ನ ಬಡದಿಲ್ಲ," ಎಂದು ಮಧ್ಯಾಹ್ನದ ತಣ್ಣಗಿನದನ್ನೇ ನೀಡಿದಳು. ಹೀಗೆಯೇ ವಾರ ನಡೆಯಿತು. ಹದಿನೈದು ದಿನಕ್ಕೆ ಆಕೆಗೆ ಕಾಯುವ ರೂಢಿಯೇ ತಪ್ಪಿತು. ತಣ್ಣಗಿನ ರೊಟ್ಟಿಯಿಂದ ಯಾರೂ ಸತ್ತಿಲ್ಲ, ಅದು ನನಗೆ ಗೊತ್ತು. ಆದರೂ ಅದನ್ನು ತಿನ್ನುವಾಗ ತುತ್ತಿಗೊಮ್ಮೆ, ಪಲ್ಯದ ಖಾರವೆಂದು ನೀರು ಕುಡಿಯುತ್ತಿದ್ದೆ.

ಮೃಗಶಿರಾ ಮಳೆ ಬಿದ್ದು ಎರಿಯ ಕರಿಮಣ್ಣು ಕೆಸರಾದ ಮೊದಲನೆಯ ದಿನವೇ ಬೂಟು ಬಾಯಿ ಬಿಟ್ಟಿತು. ಎಡಗಾಲಿನ ಸೋಲು ರಸ್ತೆಯಲ್ಲೇ ಉಳಿದು ನಾನಷ್ಟೇ ಮುಂದೆ ಬಂದೆ. ಅದನ್ನು ಕಿತ್ತುಕೊಂಡು, ಹುನ್ನೂರ ರಸ್ತೆಯ ಬೇವಿನ ಗಿಡದ ಕೆಳಗೆ ಕೂಡುವ ಯಮನಪ್ಪನ ಹತ್ತಿರ ಹೋದೆ. ನನ್ನ ಕಾಲ್ಮರಿಯನ್ನು ಹೊಲಿದವನು ಅವನೇ. ಅವನು ಬೂಟನ್ನು ತಿರುವಿ ಅಂಚಿನ ಸುತ್ತ ಉಗುರು ಆಡಿಸಿ ನೋಡಿದ. "ಇದಕ್ಕ ಹೊಲಿಗಿನ ಇಲ್ರಿ ಸಾಹೇಬ್ರ. ಅಂಟು ಹಚ್ಯಾರ. ಹೊಲಿಗಿ ಇದ್ರ ಬಿಚ್ಚಿ ಹೊಲಿಬಹುದು, ಇಲ್ಲದ್ದನ್ನ ಏನು ಹೊಲೀಲಿ?" ಎಂದ. ಬೈಯಲಿಲ್ಲ, ನಗಲೂ ಇಲ್ಲ. ನನಗೆ ಬೈಸಿಕೊಂಡಷ್ಟೇ ಆಯಿತು.

ಮರುದಿನ ಮಂಚದ ಕೆಳಗಿನ ಹಳೆಯ ಕಾಲ್ಮರಿಯನ್ನು ಒಯ್ದೆ. ಯಮನಪ್ಪ ಅದನ್ನು ಬಿಚ್ಚಿ, ಹೊಸ ಅಟ್ಟೆ ಕೂಡಿಸಿ, ಕುಸುಬಿ ಎಣ್ಣೆ ಕುಡಿಸಿ, ಜೋಡಿ ಹೊಲಿಗೆ ಹಾಕತೊಡಗಿದ. ಅದು ಮೂರು ಸಂಜೆಯ ಕೆಲಸ. ಬರಿಗಾಲಿನವನು ಎಲ್ಲಿಗೂ ಹೋಗುವಂತಿಲ್ಲ, ಹೀಗಾಗಿ ನಾನು ಅವನ ಗೋಣಿತಟ್ಟಿನ ಮೇಲೆ ಕೂತೆ. ಅವನು ಮಾತಾಡುತ್ತಿದ್ದ. ಸವೆದ ಹಿಮ್ಮಡ ನೋಡಿ ಮನುಷ್ಯನ ಬದುಕು ಹೇಳುವುದು ಅವನ ವಿದ್ಯೆ. ಸಾಲ ಬೇಡಲು ಹೋಗುವವನ ತುದಿ ಸವೆಯುತ್ತದಂತೆ, ಕೊಟ್ಟವನ ಹಿಮ್ಮಡ ಸವೆಯುತ್ತದಂತೆ. ನನ್ನದನ್ನು ನೋಡಿ ಹೇಳಿದ: "ನಿಮ್ಮದು ಎಲ್ಲಾ ಕಡಿ ಒಂದ ಸವನ ಸವದೈತ್ರಿ. ಲಗೂನ ಮನಿ ಮುಟ್ಟಬೇಕು ಅನ್ನೂ ಅವಸರ ಇಲ್ಲ ನಿಮಗ." ಇಷ್ಟು ವರ್ಷಗಳಲ್ಲಿ ನನ್ನ ವಿಷಯ ಇಷ್ಟು ತಿಳಿದವರು ಯಾರೂ ಇರಲಿಲ್ಲ. ನಾನು ಗಿಡದ ಎಲೆ ಎಣಿಸುವವನಂತೆ ಮೇಲೆ ನೋಡಿದೆ.

ಕಾಲ್ಮರಿ ಕಾಲಿಗೆ ಬಂತು, ಕಿರ್ ಸಪ್ಪಳ ಮರಳಿತು. ಓಣಿಯ ತಿರುವಿನಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿ ನಾನು ಒಂದು ಗಳಿಗೆ ನಿಂತೇ ಬಿಟ್ಟೆ. ಸಾಹೇಬರ ಮುಂದೆ ಮಾತ್ರ ಅದನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದೆ. ಎಲ್ಲವೂ ಸರಿಯಾಯಿತೆನ್ನಬೇಕು. ಆದರೆ ಗಟ್ಟಿ ವಸ್ತುವಿನಲ್ಲಿ ಒಂದು ದೋಷವಿದೆ: ಅದು ಹರಿಯುವುದಿಲ್ಲ. ಮೊದಲು ತಿಂಗಳಿಗೊಮ್ಮೆಯಾದರೂ ಬಾರು ಸಡಿಲುತ್ತಿತ್ತು. ಈಗ ಯಮನಪ್ಪನ ಜೋಡಿ ಹೊಲಿಗೆ ಕಲ್ಲಿಗೂ ಜಗ್ಗಲಿಲ್ಲ, ಕೆಸರಿಗೂ ಜಗ್ಗಲಿಲ್ಲ. ಕೆಲಸವಿಲ್ಲದೆ ಕಚೇರಿಯ ಕಾರಕೂನ ಹೋಗಿ ಅಲ್ಲಿ ಕೂತರೆ ಊರು ಏನಂದೀತು ಎಂಬ ಹೇಡಿತನ ನನ್ನದು. ಯಮನಪ್ಪನಿಗೆ ಇಲ್ಲದ ಸಂಕೋಚ ನನಗಿತ್ತು. ಎರಡು ತಿಂಗಳು ಗಿಡವನ್ನು ದೂರದಿಂದ ನೋಡುತ್ತ ಹಾದುಹೋದೆ. ಕೊನೆಗೊಂದು ಭಾನುವಾರ, ದಾಡಿ ಮಾಡಿಕೊಂಡ ಮೇಲೆ, ಅದೇ ಬ್ಲೇಡಿನಿಂದ ಉಂಗುಟದ ಹತ್ತಿರದ ನಾಲ್ಕು ಹೊಲಿಗೆಗಳನ್ನು ಕೊಯ್ದೆ.

ಹೊಲಿಗೆ ಹರಿಯಿತೆಂದು ಮುಖ ಸಣ್ಣದು ಮಾಡಿಕೊಂಡು ಹೋದೆ. ಯಮನಪ್ಪ ಹೊಲಿದುಕೊಟ್ಟ. ಮೂರು ವಾರ ಬಿಟ್ಟು ಮತ್ತೆ ಹರಿಯಿತು, ಮತ್ತೆ ಹೊಲಿದ. ಮೂರನೆಯ ಸಲ ದಾರದ ತುದಿಯನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ನೋಡಿದ. ತಲೆ ಎತ್ತದೆಯೇ ಹೇಳಿದ:

"ಬ್ಲೇಡ ಹಚ್ಚಬ್ಯಾಡ್ರಿ ಸಾಹೇಬ್ರ, ತೊಗಲಿಗೆ ಪೆಟ್ಟಾಗತೈತಿ. ಬರಬೇಕು ಅನಿಸಿದ್ರ ಸುಮ್ಮನ ಬಂದು ಕುಂದರ್ರಿ."

ನನಗೆ ಭೂಮಿ ಬಾಯಿ ಬಿಡಬಾರದೆ ಅನಿಸಿತು. ಅಷ್ಟೇ ಸಂತೋಷವೂ ಆಯಿತು. ಅಂದಿನಿಂದ ಕಾಲ್ಮರಿಗೆ ಬ್ಲೇಡು ಹಚ್ಚಿಲ್ಲ. ಮುಂದಿನ ಭಾನುವಾರ ಸುಮ್ಮನೆ ಹೋಗಬೇಕೆಂದೇ ಹೊರಟೆ; ಅರ್ಧ ದಾರಿಗೆ ಧೈರ್ಯ ಸಾಲದೆ ತಿರುಗಿ ಬಂದು ಕೊಡೆ ತೆಗೆದುಕೊಂಡು, ಅದರ ಒಂದು ಕಡ್ಡಿ ಬಗ್ಗಿಸಿಕೊಂಡು ಹೋದೆ. ಅದರ ಮುಂದಿನ ಭಾನುವಾರ ಕೈಚೀಲದ ಹಿಡಿಕೆ ಕಿತ್ತಿತು. ಯಮನಪ್ಪ ಈಗ ಏನೂ ಕೇಳುವುದಿಲ್ಲ. ನಾನು ತಂದದ್ದನ್ನು ಪಕ್ಕಕ್ಕಿಟ್ಟು ಗೋಣಿತಟ್ಟು ಸರಿಸುತ್ತಾನೆ. ಗಟ್ಟಿ ವಸ್ತುವಿನ ಪಕ್ಷದವನಾದ ನನ್ನ ಖೋಲಿಯಲ್ಲಿ, ಆ ಕಾಲ್ಮರಿಯೊಂದನ್ನು ಬಿಟ್ಟರೆ, ನೆಟ್ಟಗಿರುವ ಸಾಮಾನು ಇನ್ನೊಂದು ಉಳಿದಿಲ್ಲ.